ಕಾಸರಗೋಡಿನಿಂದ ಚಲನಚಿತ್ರ ಅಕಾಡೆಮಿಗೆ: ಕಡಿಮೆ ಸಿನಿಮಾ ಮಾಡುವವರಿಗೂ ಜಾಗ ಕೊಡಿ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ಸಬ್ಸಿಡಿಗೆ ಸಿನಿಮಾ ಆರಿಸುವ ಸಮಿತಿಯವರಿಗೆ, ವಾರ್ತಾ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಸಿನಿಮಾ ನನ್ನ ಕೆಲಸ. ಒಂದು ಸಿನಿಮಾ ನಿರ್ದೇಶಿಸಿದ್ದೇನೆ, ಎರಡನೆಯದರ ಬರವಣಿಗೆ ನಡೆಯುತ್ತಿದೆ. ನಡುವೆ ಹಲವು ವರ್ಷ ಕಳೆದಿದೆ. ಮದುವೆಗೆ ಹೋದರೂ ಬ್ರಹ್ಮಕಲಶಕ್ಕೆ ಹೋದರೂ ಜನ ಕೇಳುವುದು ಒಂದೇ: ಸಿನಿಮಾ ಬಿಟ್ಟಿರಾ? ಬಿಟ್ಟಿಲ್ಲ. ಕಡಿಮೆ ಮಾಡುತ್ತೇನೆ, ಮಾಡಿದ್ದನ್ನು ಚೆನ್ನಾಗಿ ಮಾಡುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಕನ್ನಡದಲ್ಲಿ ಹೀಗೆ ತೀರ್ಮಾನಿಸಿದವರು ಬೇರೆಯವರೂ ಇದ್ದಾರೆ. ಆದರೆ ಈಗಿರುವ ಸಹಾಯಧನದ ನಿಯಮಗಳಲ್ಲಿ ಅಂಥವರಿಗೆ ಜಾಗ ಇಲ್ಲ. ನನ್ನ ದೂರು ಅಷ್ಟೇ. ಅದನ್ನು ಅರ್ಜಿಯಾಗಿ ಕಳಿಸುವ ಬದಲು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಸಬ್ಸಿಡಿಯ ದುಡ್ಡು ಜನರದು, ಜನರಿಗೂ ಗೊತ್ತಾಗಲಿ.

ಈಗ ನಡೆಯುವುದು ಹೀಗೆ. ಸಿನಿಮಾ ಪೂರ್ತಿ ಮುಗಿಯಬೇಕು, ಸೆನ್ಸಾರ್ ಆಗಬೇಕು. ಆಮೇಲೆ ಸಬ್ಸಿಡಿಗೆ ಅರ್ಜಿ. ಆ ವರ್ಷ ಸೆನ್ಸಾರ್ ಆದ ಸಿನಿಮಾಗಳನ್ನು ಸಮಿತಿ ಕೂತು ನೋಡುತ್ತದೆ. ನೂರಕ್ಕೂ ಹೆಚ್ಚು ಸಿನಿಮಾಗಳಿಗೆ ಸಹಾಯ ಸಿಗುತ್ತದೆ, ಹೆಚ್ಚಿನವಕ್ಕೆ ಬರುವುದು 10 ಲಕ್ಷ ರೂಪಾಯಿ. ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರಕ್ಕೂ ಜಾಸ್ತಿ ಸಿನಿಮಾ ಬಿಡುಗಡೆಯಾಗುತ್ತಿವೆ. ಅವುಗಳಲ್ಲಿ ಎಷ್ಟನ್ನು ನಾವು ಹೆಸರು ಹೇಳಿ ನೆನಪಿಸಿಕೊಳ್ಳುತ್ತೇವೆ?

10 ಲಕ್ಷ ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಅದರಿಂದ ಸಾಲ ತೀರಿಸಿಕೊಂಡ ನಿರ್ಮಾಪಕರು ನನಗೆ ಗೊತ್ತು. ತೊಂದರೆ ಇರುವುದು ಆ ದುಡ್ಡು ಯಾವಾಗ ಬರುತ್ತದೆ ಮತ್ತು ಯಾವುದಕ್ಕೆ ಬರುತ್ತದೆ ಎನ್ನುವುದರಲ್ಲಿ. ಬರೆಯುವಾಗ ಅದು ಇಲ್ಲ. ಜಾಗ ಹುಡುಕಿಕೊಂಡು ಅಲೆಯುವಾಗ ಇಲ್ಲ. ಕಲಾವಿದರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸುವಾಗ ಇಲ್ಲ. ಎಲ್ಲ ಮುಗಿದ ಮೇಲೆ ಬರುತ್ತದೆ. ಐದು ವರ್ಷ ಕಷ್ಟಪಟ್ಟು ಮಾಡಿದವನಿಗೂ ಹದಿನೈದು ದಿನದಲ್ಲಿ ಮುಗಿಸಿದವನಿಗೂ ಮೊತ್ತ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ನಿರ್ಮಾಪಕ ಯಾವ ದಾರಿ ಹಿಡಿಯುತ್ತಾನೆ? ಖರ್ಚು 10 ಲಕ್ಷದ ಆಸುಪಾಸಿನಲ್ಲಿ ನಿಲ್ಲುವ ಹಾಗೆ ಸಿನಿಮಾ ಮಾಡಿಸುತ್ತಾನೆ. ವರ್ಷಕ್ಕೆ ಒಂದರ ಬದಲು ಎರಡು ಮಾಡಿಸುತ್ತಾನೆ. ನಮ್ಮ ವಲಯದಲ್ಲಿ ಇದಕ್ಕೆ ಸಬ್ಸಿಡಿ ಸಿನಿಮಾ ಅಂತಲೇ ಹೆಸರು ಬಿದ್ದಿದೆ. ಥಿಯೇಟರ್ ಮುಖ ನೋಡದ, ನೋಡಿದರೂ ಒಂದು ವಾರ ನಿಲ್ಲದ ಸಿನಿಮಾಗಳು.

ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನ ಎಡಿಟಿಂಗ್, ಡಬ್ಬಿಂಗ್ ಸ್ಟುಡಿಯೊಗಳಿಗೆ ಹೋಗಿ ನೋಡಿ. 31ರ ಒಳಗೆ ಸೆನ್ಸಾರ್ ಆದರೆ ಈ ವರ್ಷದ ಪ್ರಶಸ್ತಿಗೆ, ಈ ವರ್ಷದ ಲೆಕ್ಕಕ್ಕೆ. ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಆ ತಿಂಗಳು ಸಂಕಲನಕಾರ ರಾತ್ರಿ ನಿದ್ದೆ ಮಾಡುವುದಿಲ್ಲ. ಹಿನ್ನೆಲೆ ಸಂಗೀತ ಎರಡು ದಿನದಲ್ಲಿ ಮುಗಿಯುತ್ತದೆ. ಶಬ್ದ ಸರಿಪಡಿಸಲು ಸಮಯವೇ ಇರುವುದಿಲ್ಲ. ವರ್ಷವಿಡೀ ಬರೆದ ಒಂದು ಒಳ್ಳೆ ದೃಶ್ಯ ಕೊನೆಯ ವಾರದಲ್ಲಿ ಹಾಳಾಗುವುದನ್ನು ನಾನು ಸಹಾಯಕ ನಿರ್ದೇಶಕನಾಗಿ ಕಣ್ಣಾರೆ ಕಂಡಿದ್ದೇನೆ. ಆ ನಿರ್ದೇಶಕರು ಪ್ರತಿಭಾವಂತರು. ಇನ್ನೆರಡು ತಿಂಗಳು ಸಿಕ್ಕಿದ್ದರೆ ಆ ಸಿನಿಮಾ ಬೇರೆಯೇ ಆಗುತ್ತಿತ್ತು.

ನನ್ನ ಮೊದಲ ಸಿನಿಮಾ ಆದ ಮೇಲೆ ಒಬ್ಬ ನಿರ್ಮಾಪಕರು ಹೇಳಿ ಕಳಿಸಿದರು. ಗಡಿನಾಡ ಕನ್ನಡದ ಬಗ್ಗೆ ಒಂದು ಕತೆ ಬೇಕಂತೆ. ಶಾಲೆ, ಮಕ್ಕಳು, ಒಬ್ಬ ಹಳೆ ಮೇಷ್ಟ್ರು. ಹದಿನೈದು ದಿನದ ಶೂಟಿಂಗ್, ಊಟ ವಸತಿ ಊರಿನವರದೇ. ವರ್ಷದ ಕೊನೆಗೆ ಸೆನ್ಸಾರ್ ಆಗಲೇಬೇಕು. ಅದಾದ ಮೇಲೆ ಅದೇ ತಂಡದಲ್ಲಿ ಇನ್ನೂ ಎರಡು ಸಿನಿಮಾ ಎಂದು ಮಾತು ಕೊಟ್ಟರು. ಕೈಯಲ್ಲಿ ಕೆಲಸ ಇಲ್ಲದ ಕಾಲ ಅದು. ಆದರೂ ಒಪ್ಪಲಿಲ್ಲ. ನಮ್ಮ ಊರಿನ ನೋವನ್ನು ಅಷ್ಟು ಅವಸರದಲ್ಲಿ ಹೇಳಿಬಿಟ್ಟರೆ, ಮುಂದೆ ಅದನ್ನು ಸರಿಯಾಗಿ ಹೇಳಲು ಬರುವವನಿಗೆ ಬಾಗಿಲು ಮುಚ್ಚಿದ ಹಾಗೆ ಆಗುತ್ತದೆ. ಕಾಸರಗೋಡಿನ ಕತೆ ಆಗಲೇ ಆಗಿದೆಯಲ್ಲ, ಇನ್ನೊಂದು ಯಾಕೆ ಅಂತ ಅವನಿಗೆ ಹೇಳಿ ಕಳಿಸುತ್ತಾರೆ.

ಕಡಿಮೆ ಮಾಡಿ ಚೆನ್ನಾಗಿ ಮಾಡುವುದು ಹೊಸ ವಿಚಾರವೇನಲ್ಲ. ಕನ್ನಡಕ್ಕೆ ದೊಡ್ಡ ಹೆಸರು ತಂದದ್ದೇ ಅದು. ಗಿರೀಶ ಕಾಸರವಳ್ಳಿಯವರು 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಅದರ ನಿರ್ಮಾಪಕರು ನಮ್ಮ ಕರಾವಳಿಯವರೇ, ರಂಗಭೂಮಿಯ ಸದಾನಂದ ಸುವರ್ಣ. 2020ರವರೆಗಿನ ನಾಲ್ಕು ದಶಕದಲ್ಲಿ ಕಾಸರವಳ್ಳಿಯವರು ಮಾಡಿದ ಕಥಾಚಿತ್ರಗಳು ಹದಿನೈದರ ಆಸುಪಾಸು. ಅವುಗಳಲ್ಲಿ ನಾಲ್ಕಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು. 1981ರ ಸಿನಿಮಾ ಆದ ಮೇಲೆ 'ತಬರನ ಕಥೆ' ಬರಲು 1986 ಆಯಿತು. ಆ ಐದು ವರ್ಷ ಅವರನ್ನು ಯಾರಾದರೂ ಸಿನಿಮಾ ಬಿಟ್ಟಿರಾ ಅಂತ ಕೇಳಿರಬಹುದು. ಇವತ್ತು ಆ ಪ್ರಶ್ನೆಗೆ ಬೆಲೆ ಇದೆಯಾ? 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ 'ಘಟಶ್ರಾದ್ಧ'ದ ಸರಿಪಡಿಸಿದ ಪ್ರತಿ ತೋರಿಸಿದರು. ತಯಾರಾಗಿ ನಲವತ್ತೇಳು ವರ್ಷ ಆದ ಮೇಲೆ! ಒಂದು ಸಿನಿಮಾ ಅಷ್ಟು ಕಾಲ ಬದುಕುವುದಾದರೆ, ಅದನ್ನು ಮಾಡಲು ತಗೊಂಡ ಒಂದೆರಡು ವರ್ಷ ಹೆಚ್ಚೆಂದು ಯಾರು ಹೇಳುತ್ತಾರೆ?

ಹತ್ತಿರದ ಕಾಲಕ್ಕೆ ಬರೋಣ. 2015ರಲ್ಲಿ ರಾಮ್ ರೆಡ್ಡಿಯವರ 'ತಿಥಿ' ಬಂತು. ಮಂಡ್ಯ ಕಡೆಯ ಹಳ್ಳಿಯ ಜನರೇ ಅದರಲ್ಲಿ ನಟಿಸಿದರು. ಕತೆ ಬರೆದ ಈರೇಗೌಡರು ಆ ಊರಿನವರು. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅಂಥ ಹೆಸರು ಬಂದ ಮೇಲೆ ಮರುವರ್ಷವೇ ಇನ್ನೊಂದು ಮಾಡಬಹುದಿತ್ತು, ದುಡ್ಡು ಹಾಕುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆದರೆ ರಾಮ್ ರೆಡ್ಡಿಯವರ ಎರಡನೇ ಕಥಾಚಿತ್ರ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡದ್ದು 2024ರಲ್ಲಿ.

ನಾನು ಇರುವುದು ಕೇರಳದಲ್ಲಿ. ಹಾಗಾಗಿ ಇಲ್ಲಿಯವರನ್ನು ನೋಡಿಯೂ ಕಲಿತಿದ್ದೇನೆ. ಅಡೂರು ಗೋಪಾಲಕೃಷ್ಣನ್ 1972ರಿಂದ 2016ರವರೆಗೆ ಮಾಡಿದ ಕಥಾಚಿತ್ರಗಳು ಹನ್ನೆರಡು. 1995ರಿಂದ 2002ರವರೆಗೆ ಒಂದೂ ಇಲ್ಲ. ಆದರೆ ಅವರು ಸುಮ್ನೆ ಕೂರಲಿಲ್ಲ. ಕೂಡಿಯಾಟ್ಟಂ ಥರದ ಕಲೆಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಇಲ್ಲಿಯ ಇನ್ನೊಬ್ಬ ನಿರ್ದೇಶಕ ಜಾನ್ ಅಬ್ರಹಾಂ ಮಾಡಿದ್ದು ನಾಲ್ಕೇ ಕಥಾಚಿತ್ರ. ಕೊನೆಯದಕ್ಕೆ 1980ರ ದಶಕದಲ್ಲಿ ಒಡೆಸ್ಸಾ ಕಲೆಕ್ಟಿವ್ ಎಂಬ ಗುಂಪು ಊರೂರು ಸುತ್ತಿ ಜನರಿಂದಲೇ ಹಣ ಎತ್ತಿತು. ದಿಲೀಶ್ ಪೋತ್ತನ್ 2016ರಿಂದ 2021ರವರೆಗೆ ನಿರ್ದೇಶಿಸಿದ್ದು ಮೂರೇ. ನಡುವೆ ನಟಿಸುತ್ತಾರೆ, ಬೇರೆಯವರ ಸಿನಿಮಾ ನಿರ್ಮಿಸುತ್ತಾರೆ. ಆ ಮೂರನ್ನೂ ಹೊಸಬರು ಇವತ್ತಿಗೂ ಪಾಠದ ಹಾಗೆ ನೋಡುತ್ತಾರೆ.

ಆ ಮೂರರಲ್ಲಿ ಎರಡನೆಯದು, 2017ರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ', ನಡೆಯುವುದು ನಮ್ಮ ಜಿಲ್ಲೆಯಲ್ಲಿ. ಪೊಲೀಸ್ ಪಾತ್ರಗಳಿಗೆ ನಿಜವಾದ ಪೊಲೀಸರನ್ನೇ ಹಾಕಿಕೊಂಡರು. ಆಮೇಲೆ ಕಾಞಂಗಾಡಿನವರೇ ಆದ ಸೆನ್ನಾ ಹೆಗ್ಡೆ ತಮ್ಮ ಊರಿನ ಒಂದು ಮನೆಯ ನಿಶ್ಚಿತಾರ್ಥದ ಕತೆ ಮಾಡಿದರು, ಹೆಚ್ಚಾಗಿ ಹೊಸಮುಖಗಳನ್ನೇ ಹಾಕಿಕೊಂಡು. ಅದಕ್ಕೆ ಮಲಯಾಳದ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂತು. ಅವರು ಅದಕ್ಕೂ ಮೊದಲು, 2018ರಲ್ಲಿ, ಕನ್ನಡದಲ್ಲಿ ಸಿನಿಮಾ ಮಾಡಿದವರು ಎನ್ನುವುದು ನಿಮ್ಮ ಗಮನದಲ್ಲಿರಲಿ. 2022ರಲ್ಲಿ ರತೀಶ್ ಬಾಲಕೃಷ್ಣನ್ ಪೊದುವಾಳ್ ಇಲ್ಲಿಯ ಜನರನ್ನೇ ಆರಿಸಿ, ತಾಲೀಮು ಕೊಟ್ಟು ಒಂದು ಕೋರ್ಟಿನ ಕತೆ ಮಾಡಿದರು. ಅದರಲ್ಲಿ ಮ್ಯಾಜಿಸ್ಟ್ರೇಟ್ ಪಾತ್ರ ಮಾಡಿದ ಪಿ.ಪಿ. ಕುಂಞಿಕೃಷ್ಣನ್ ಇದೇ ಜಿಲ್ಲೆಯ ಶಾಲಾ ಮೇಷ್ಟ್ರು. ಅವರಿಗೆ ಕೇರಳದ ರಾಜ್ಯ ಪ್ರಶಸ್ತಿ ಸಿಕ್ಕಿತು.

ಈ ಮೂರೂ ಜಿಲ್ಲೆಯ ಮಲಯಾಳವನ್ನು, ಅದರ ಎಳೆತವನ್ನು, ಇಲ್ಲಿಯ ಬೈಗುಳವನ್ನು ಇದ್ದ ಹಾಗೇ ತೋರಿಸಿದವು. ತಿರುವನಂತಪುರದವರಿಗೆ ಅರ್ಥ ಆಗುತ್ತದಾ ಇಲ್ಲವಾ ಅಂತ ಹೆದರಲಿಲ್ಲ. ಸಮಯ ಕೊಟ್ಟು ಮಾಡಿದ್ದಕ್ಕೆ ಅದು ಸಾಧ್ಯವಾಯಿತು. ಅದೇ ಜಿಲ್ಲೆಯ ಕನ್ನಡದ ಬದುಕಿಗೆ ಅಷ್ಟು ಸಮಯ ಕೊಟ್ಟವರು ಎಷ್ಟು ಮಂದಿ? 2018ರಲ್ಲಿ ರಿಷಬ್ ಶೆಟ್ಟಿಯವರು ಕಾಸರಗೋಡಿನ ಕನ್ನಡ ಶಾಲೆಯ ಬಗ್ಗೆ ಸಿನಿಮಾ ಮಾಡಿದರು. ಜನ ನೋಡಿದರು, ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ಕನ್ನಡ ಶಾಲೆಗಳಿವೆ ಎನ್ನುವುದೇ ಬೆಂಗಳೂರಿನ ಎಷ್ಟೋ ಮಂದಿಗೆ ಗೊತ್ತಾದದ್ದು ಆಗ. ಅದಕ್ಕೆ ನಾವು ಋಣಿಗಳು. ಆದರೆ ಒಂದು ಜಿಲ್ಲೆಯ ಬದುಕು ಒಂದು ಸಿನಿಮಾದಲ್ಲಿ ಮುಗಿಯುವುದಿಲ್ಲ.

ಇಲ್ಲಿಯ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನನ್ನ ಕೆಲಸ ನಿಧಾನವಾಗುವುದೇ ಅಲ್ಲಿ. ಪೆರ್ಲದ ಒಂದು ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಕೇಳಿ. ಅಂಗಡಿಯಾಕೆ ಬಂದ ಗಿರಾಕಿಯ ಹತ್ತಿರ ತುಳುವಿನಲ್ಲಿ ಮಾತಾಡುತ್ತಾರೆ. ಕಾಸರಗೋಡಿನಿಂದ ಸಾಮಾನು ಕಳಿಸುವವರಿಗೆ ಫೋನಿನಲ್ಲಿ ಮಲಯಾಳ. ಲೆಕ್ಕದ ಪುಸ್ತಕ ಕನ್ನಡದಲ್ಲಿ. ಮಗನಿಗೆ ಬೈಯುವುದು ಮನೆಯ ಮಾತಿನಲ್ಲಿ. ಅದು ಹವ್ಯಕ ಇರಬಹುದು, ಕರಾಡ ಇರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಇರಬಹುದು. ಯಾರಿಗೆ ಯಾವ ಮಾತು, ಯಾವಾಗ ಬದಲಾಗುತ್ತದೆ, ಸಿಟ್ಟು ಬಂದಾಗ ಯಾವುದಕ್ಕೆ ಹೋಗುತ್ತಾರೆ, ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದಾಗ ಧ್ವನಿ ಎಷ್ಟು ಸಣ್ಣದಾಗುತ್ತದೆ, ಇದನ್ನೆಲ್ಲ ಕಿವಿಯಲ್ಲಿ ಇಟ್ಟುಕೊಂಡು ಸಂಭಾಷಣೆ ಬರೆಯಬೇಕು. ಈ ಬದಲಾವಣೆಯಲ್ಲೇ ನಮ್ಮ ಅರವತ್ತೆಂಟು, ಎಪ್ಪತ್ತು ವರ್ಷದ ಕತೆ ಇದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು ಪುಸ್ತಕದಲ್ಲಿ ಒಂದು ಸಾಲು. ಅಂಗಡಿಯಾಕೆಯ ಫೋನ್ ಮಾತಿನಲ್ಲಿ ಅದು ದಿನಾ ಇದೆ.

ಅವಸರದ ಸಿನಿಮಾದಲ್ಲಿ ಇದೆಲ್ಲ ಏನಾಗುತ್ತದೆ? ಶೂಟಿಂಗ್ ಜಾಗದಲ್ಲಿ ಶಬ್ದ ಹಿಡಿಯಲು ಖರ್ಚು ಜಾಸ್ತಿ, ಸಮಯ ಜಾಸ್ತಿ. ಅದಕ್ಕೆ ಬೆಂಗಳೂರಿನಲ್ಲಿ ಡಬ್ಬಿಂಗ್. ಈ ಊರನ್ನೇ ನೋಡದವರು ಬಂದು ಎಲ್ಲ ಪಾತ್ರಕ್ಕೂ ಒಂದೇ ಥರದ ಕನ್ನಡ ಹಾಕುತ್ತಾರೆ. ತೆರೆಯ ಮೇಲೆ ಬಾಯಿ ಪೆರ್ಲದ್ದು, ಧ್ವನಿ ಎಲ್ಲಿಯದೋ. ನೋಡುವ ನಮಗೆ ಆಗುವ ಬೇಸರ ಹೇಳಿ ಮುಗಿಯದು. ನಮ್ಮ ಬದುಕಿನ ಮೇಲೆ ಮಾಡಿದ ಸಿನಿಮಾದಲ್ಲಿ ನಮ್ಮ ದನಿಯೇ ಇಲ್ಲ.

ನಾನು ಈಗ ಬರೆಯುತ್ತಿರುವುದು ಬಾಯಾರು ಕಡೆಯ ಸುರಂಗ ತೋಡುವವರ ಕತೆ. ನಿಮ್ಮಲ್ಲಿ ಹಲವರು ಸುರಂಗ ನೋಡಿರಲಿಕ್ಕಿಲ್ಲ. ಗುಡ್ಡೆಯ ಮುರಕಲ್ಲಿನಲ್ಲಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ, ಅಡ್ಡಕ್ಕೆ ತೋಡುತ್ತಾ ಹೋಗುತ್ತಾರೆ. ಒಳಗೆ ಜಿನುಗುವ ನೀರು ತನ್ನಷ್ಟಕ್ಕೆ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಎಷ್ಟೋ ಅಡಿಕೆ ತೋಟಗಳು, ಮನೆಗಳು ಈ ನೀರಿನ ಮೇಲೆ ನಿಂತಿವೆ. ತೋಡುವವರು ಈಗ ತೀರಾ ಕಡಿಮೆ, ಇದ್ದವರಿಗೆ ವಯಸ್ಸಾಗಿದೆ. ಬೋರ್‌ವೆಲ್ ಬಂದ ಮೇಲೆ ಹೊಸದಾಗಿ ತೋಡಿಸುವವರು ಅಪರೂಪ.

ಈ ಕತೆಯನ್ನು ಹದಿನೈದು ದಿನದ ಒಂದು ಶೆಡ್ಯೂಲಿನಲ್ಲಿ ಹೇಗೆ ಮಾಡಲಿ? ಜುಲೈಯ ಸುರಂಗ ಬೇರೆ, ಏಪ್ರಿಲ್‌ನ ಸುರಂಗ ಬೇರೆ. ಮಳೆಗಾಲದಲ್ಲಿ ಮೈಮೇಲೆ ನೀರು ಸುರಿಯುತ್ತದೆ. ಬೇಸಿಗೆಯಲ್ಲಿ ಕಿವಿಗೊಟ್ಟರೆ ಮಾತ್ರ ಹನಿಯ ಸದ್ದು. ಕತೆ ಇರುವುದೇ ಆ ವ್ಯತ್ಯಾಸದಲ್ಲಿ. ಎರಡು ಋತುವಿನಲ್ಲಿ ಚಿತ್ರೀಕರಣ ಮಾಡಬೇಕು. ಏತಡ್ಕದ ಕಡೆ ಹೊಳೆಗೆ ಅಡ್ಡಲಾಗಿ ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಕಟ್ಟುವುದು ಮಳೆ ನಿಂತ ಮೇಲೆ, ನೀರಿನ ಹರಿವು ಇಳಿದಾಗ. ಅದನ್ನು ತೋರಿಸಬೇಕಾದರೆ ಇನ್ನೊಂದು ಸಲ ಹೋಗಬೇಕು. ಕತ್ತಲೆಯ ಇಕ್ಕಟ್ಟಿನಲ್ಲಿ ಕ್ಯಾಮೆರಾ ಎಲ್ಲಿ ಇಡುವುದು, ಬೆಳಕು ಎಲ್ಲಿಂದ ಕೊಡುವುದು, ಉಸಿರಾಡಲು ಗಾಳಿ ಸಾಕಾಗುತ್ತದಾ ಎಂದು ಮೊದಲೇ ನೋಡಬೇಕು. ನಟಿಸುವವನ ಕೈಗೆ ಪಿಕ್ಕಾಸಿ ಹಿಡಿಯುವ ಅಭ್ಯಾಸ ಆಗಬೇಕು. ಅಭ್ಯಾಸ ಇಲ್ಲದ ಕೈ ಎಂದು ಇಲ್ಲಿಯ ಮಗುವಿಗೂ ತಕ್ಷಣ ಗೊತ್ತಾಗುತ್ತದೆ. ಕಾಸರವಳ್ಳಿಯವರ 'ದ್ವೀಪ'ದ ಮಳೆ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಎಚ್.ಎಂ. ರಾಮಚಂದ್ರ ಅವರಿಗೆ ಆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ನನ್ನ ಸ್ನೇಹಿತರೇ ಕೇಳುತ್ತಾರೆ. ಜಾಸ್ತಿ ಮಾಡಿದರೆ ತಾನೇ ಕೈ ಪಳಗುವುದು? ಸತ್ಯಜಿತ್ ರಾಯ್ ಮೂವತ್ತಕ್ಕೂ ಹೆಚ್ಚು ಸಿನಿಮಾ ಮಾಡಲಿಲ್ಲವಾ? ನಮ್ಮ ಯಕ್ಷಗಾನದ ಮೇಳದವರು ತಿರುಗಾಟದಲ್ಲಿ ದಿನಾ ರಾತ್ರಿ ವೇಷ ಕಟ್ಟುವುದಿಲ್ಲವಾ? ಈ ಮಾತಿನಲ್ಲಿ ಸತ್ಯ ಇದೆ. ಕೈ ಪಳಗಬೇಕು. ಆದರೆ ಯಕ್ಷಗಾನದ ಪ್ರಸಂಗ ಮೊದಲೇ ಇದೆ, ಪದ್ಯ ಇದೆ, ಹಿಮ್ಮೇಳ ಇದೆ. ನೂರಾರು ವರ್ಷದ ಕೆಲಸ ಬೆನ್ನಿಗಿದೆ. ಇವತ್ತು ಸೋತ ಪಾತ್ರವನ್ನು ನಾಳೆ ಗೆಲ್ಲಿಸಬಹುದು. ಸಿನಿಮಾದಲ್ಲಿ ಒಮ್ಮೆ ಹಾಳಾದ ದೃಶ್ಯ ಹಾಳಾದ ಹಾಗೇ ಉಳಿಯುತ್ತದೆ. ರಾಯ್ ಅವರಿಗೆ ಎರಡನೆಯ, ಮೂರನೆಯ ಸಿನಿಮಾ ಬೇಗ ಆಯಿತು ನಿಜ. ಮೊದಲನೆಯದು ಮುಗಿಯಲು ವರ್ಷಗಳೇ ಬೇಕಾದವು. ಕೈ ಪಳಗಿಸಲು ಕಿರುಚಿತ್ರ ಇದೆ, ನಾಟಕ ಇದೆ. ಜೆ.ಪಿ. ತೂಮಿನಾಡು ನಮ್ಮ ಮಂಜೇಶ್ವರದ ಕಡೆಯವರು, ನಾಟಕದಲ್ಲಿ ಪಳಗಿದವರು. ಅವರು ನಿರ್ದೇಶಿಸಿದ ಮೊದಲ ಕನ್ನಡ ಸಿನಿಮಾ 2025ರ ಜುಲೈಯಲ್ಲಿ ಬಂತು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಜೆಟ್ ಇಲ್ಲ. ನೂರು ಕೋಟಿ ದಾಟಿತು. ಯಾವ ಮಾತಿಗೆ ಜನ ಎಲ್ಲಿ ನಗುತ್ತಾರೆ ಎನ್ನುವುದು ಅವರಿಗೆ ವೇದಿಕೆಯ ಮೇಲೆ ಮೊದಲೇ ಗೊತ್ತಾಗಿತ್ತು.

ನಿಧಾನ ಆದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗುತ್ತದೆ ಎಂದೂ ನಾನು ಹೇಳುವುದಿಲ್ಲ. ದುಡ್ಡು ಸಿಗದೆ ವರ್ಷಗಟ್ಟಲೆ ನಿಂತುಹೋಗುವುದು ನರಕ. ನಟನಿಗೆ ವಯಸ್ಸಾಗುತ್ತದೆ, ತೋಟದ ಮರ ಕಡಿಯುತ್ತಾರೆ, ಮನೆಗೆ ಬಣ್ಣ ಬಳಿಯುತ್ತಾರೆ. ಕೆಲಸ ಮಾಡಲು ತಗೊಳ್ಳುವ ಸಮಯ ಬೇರೆ, ದುಡ್ಡಿಗೆ ಕಾಯುವ ಸಮಯ ಬೇರೆ. ಎರಡನೆಯದನ್ನು ನೀವು ಕಡಿಮೆ ಮಾಡಬಹುದು. ಸರ್ಕಾರಗಳು ಹಿಂದೆ ಮಾಡಿವೆ. ರಾಯ್ ಅವರ ಮೊದಲ ಸಿನಿಮಾ ಅರ್ಧಕ್ಕೆ ನಿಂತಾಗ ಉಳಿದ ಹಣ ಕೊಟ್ಟದ್ದು ಪಶ್ಚಿಮ ಬಂಗಾಳ ಸರ್ಕಾರ. ಮುಗಿಸಿಕೊಂಡು ಬಾ, ಆಮೇಲೆ ನೋಡೋಣ ಅಂದಿದ್ದರೆ ಆ ಸಿನಿಮಾ ಇರುತ್ತಲೇ ಇರಲಿಲ್ಲ. ಅಡೂರು ಅವರ 1972ರ ಮೊದಲ ಚಿತ್ರಕ್ಕೆ ಸಾಲ ಕೊಟ್ಟದ್ದು 1960ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್. ರೊಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ಚಿತ್ರಕತೆಯ ಹಂತದಲ್ಲೇ ಹಣ ಕೊಡುತ್ತದೆ.

ಕೇರಳ ಸರ್ಕಾರ ತನ್ನ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಮಹಿಳಾ ನಿರ್ದೇಶಕರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ನಿರ್ದೇಶಕರಿಗೆ ಒಂದು ಯೋಜನೆ ಇಟ್ಟಿದೆ. ಚಿತ್ರಕತೆ ನೋಡಿ ಕೆಲವರನ್ನೇ ಆರಿಸುತ್ತಾರೆ, ಒಂದು ಸಿನಿಮಾಕ್ಕೆ ಒಂದೂವರೆ ಕೋಟಿಯವರೆಗೆ ಕೊಡುತ್ತಾರೆ. ಆ ಮೊತ್ತ ಜಾಸ್ತಿಯಾಯಿತು, 50 ಲಕ್ಷ ಸಾಕು ಎಂದು 2025ರ ಆಗಸ್ಟ್‌ನಲ್ಲಿ ಅಡೂರು ಹೇಳಿದಾಗ ದೊಡ್ಡ ಗಲಾಟೆಯೇ ಆಯಿತು. ಅವರ ಸಿನಿಮಾಗಳ ಮೇಲೆ ನನಗೆ ತುಂಬಾ ಗೌರವ ಇದೆ, ಆದರೆ ಆ ಮಾತು ನನಗೆ ಸರಿ ಅನಿಸಲಿಲ್ಲ. ಅವರ ಮೊದಲ ಸಿನಿಮಾಕ್ಕೂ ಯಾರೋ ನಂಬಿ ಕೊಟ್ಟಿದ್ದರಲ್ವಾ? ಇರಲಿ. ನಾನು ಹೇಳಹೊರಟದ್ದು ಇಷ್ಟೇ: ಅಲ್ಲಿ ಕೆಲವೇ ಸಿನಿಮಾಕ್ಕೆ, ಮಾಡುವ ಮೊದಲೇ, ಸಾಕಾಗುವಷ್ಟು. ನಮ್ಮಲ್ಲಿ ನೂರಾರು ಸಿನಿಮಾಕ್ಕೆ, ಮಾಡಿ ಮುಗಿದ ಮೇಲೆ, ಸ್ವಲ್ಪ ಸ್ವಲ್ಪ.

ಜಾಸ್ತಿ ಮಾಡುವುದರಿಂದ ಏನಾಗುತ್ತದೆ ಎಂದು ತಿಳಿಯಲು ನಮ್ಮ ತುಳು ಸಿನಿಮಾ ಸಾಕು. 1971ರಲ್ಲಿ ಮೊದಲ ತುಳು ಸಿನಿಮಾ ಬಂತು. ಆಮೇಲೆ ನಾಲ್ಕು ದಶಕ ಅಲ್ಲೊಂದು ಇಲ್ಲೊಂದು. 2011ರಲ್ಲಿ 'ಒರಿಯರ್ದೊರಿ ಅಸಲ್' ಗೆದ್ದಿತು. ಮಂಗಳೂರು, ಉಡುಪಿ, ನಮ್ಮ ಉಪ್ಪಳ, ಮಂಜೇಶ್ವರ, ಎಲ್ಲ ಕಡೆಯಿಂದ ಜನ ಥಿಯೇಟರಿಗೆ ಬಂದರು. ಆ ಮೇಲೆ ಸಾಲು ಸಾಲು ಸಿನಿಮಾ. ಹೆಚ್ಚಿನವು ಒಂದೇ ಅಚ್ಚಿನ ಹಾಸ್ಯ, ಅದೇ ನಟರು, ಅದೇ ಮಾತು. ನೋಡುವ ಊರುಗಳು ಇರುವುದೇ ಮೂರು ಜಿಲ್ಲೆಯಲ್ಲಿ. ಎಷ್ಟು ಸಲ ಅಂತ ಜನ ಅದನ್ನೇ ನೋಡಲು ಬರುತ್ತಾರೆ? ಕೆಲವೇ ವರ್ಷದಲ್ಲಿ ಥಿಯೇಟರ್ ಖಾಲಿಯಾಗತೊಡಗಿತು. ನಡುವೆ ಬಂದ ಒಳ್ಳೆ ಸಿನಿಮಾಗಳೂ ಆ ಪೆಟ್ಟು ತಿಂದವು. ಅದೇ ಪೆಟ್ಟು ಈಗ ಕನ್ನಡಕ್ಕೂ ಬಿದ್ದಿದೆ.

ಕಾಸರಗೋಡಿನ ಕನ್ನಡ ಪ್ರೇಕ್ಷಕನಿಗೆ ಈ ಪೆಟ್ಟು ಇನ್ನೂ ಜಾಸ್ತಿ. ಕನ್ನಡ ಸಿನಿಮಾ ಇಲ್ಲಿಯ ಥಿಯೇಟರಿಗೆ ಬರುವುದು ಅಪರೂಪ. ಹೆಚ್ಚಿನ ಸಲ ಮಂಗಳೂರಿಗೇ ಹೋಗಬೇಕು. ಕಾಸರಗೋಡು ಪೇಟೆಯಿಂದ 50 ಕಿಲೋಮೀಟರ್. ಮುಳ್ಳೇರಿಯ, ಅಡೂರು ಎಂಬ ಊರುಗಳ ಕಡೆಯವರಿಗೆ ಇನ್ನೂ ದೂರ. ನಾಲ್ಕು ಜನರ ಸಂಸಾರ ಬಸ್ಸು ಹತ್ತಿ, ಮಲ್ಟಿಪ್ಲೆಕ್ಸಿನ ಟಿಕೆಟ್ ತಗೊಂಡು, ಊಟ ಮಾಡಿ ರಾತ್ರಿ ಮನೆಗೆ ಮುಟ್ಟುವಾಗ ಒಂದು ದಿನದ ಸಂಪಾದನೆಗಿಂತ ಹೆಚ್ಚು ಖರ್ಚಾಗಿರುತ್ತದೆ. ಅವರಿಗೆ ಒಂದು ಕೆಟ್ಟ ಸಿನಿಮಾ ತೋರಿಸಿದರೆ ಮತ್ತೆ ಎರಡು ವರ್ಷ ಅವರು ಕನ್ನಡ ಸಿನಿಮಾಕ್ಕೆ ಬರುವುದಿಲ್ಲ. ಪಕ್ಕದ ಬೀದಿಯ ಥಿಯೇಟರಿನಲ್ಲಿ ಒಳ್ಳೆ ಮಲಯಾಳ ಸಿನಿಮಾ ಓಡುತ್ತಿರುತ್ತದೆ. ಮಕ್ಕಳು ಅದಕ್ಕೆ ಹೋಗುತ್ತಾರೆ, ಯಾಕೆ ಹೋಗಬಾರದು?

ಇನ್ನು ಹೊಟ್ಟೆಪಾಡಿನ ವಿಷಯ. ಕಡಿಮೆ ಮಾಡುತ್ತೇನೆ ಎನ್ನುವವನಿಗೆ ನಡುವಿನ ವರ್ಷಗಳಲ್ಲಿ ಊಟ ಯಾರು ಹಾಕುತ್ತಾರೆ? ನಾನು ಮದುವೆ, ಉಪನಯನದ ವಿಡಿಯೊ ಮಾಡುತ್ತೇನೆ. ಸಹಕಾರಿ ಸಂಘಗಳಿಗೆ, ಶಾಲೆಯ ಶತಮಾನೋತ್ಸವಗಳಿಗೆ ಸಾಕ್ಷ್ಯಚಿತ್ರ ಮಾಡಿಕೊಡುತ್ತೇನೆ. ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತದೆ ಎನ್ನುವುದೇ ದೊಡ್ಡ ಆಧಾರ. ಆ ಆಧಾರ ಇಲ್ಲದ ಹುಡುಗರು, ಹುಡುಗಿಯರು ನನ್ನ ಸುತ್ತ ಇದ್ದಾರೆ. ನನಗಿಂತ ಚೆನ್ನಾಗಿ ಬರೆಯುವವರು. ಒಬ್ಬೊಬ್ಬರಾಗಿ ಕೊಲ್ಲಿಗೆ ಹೋಗುತ್ತಿದ್ದಾರೆ, ಇಲ್ಲವೇ ಸಿಕ್ಕಿದ ಸಿನಿಮಾ ಒಪ್ಪಿಕೊಂಡು ವರ್ಷಕ್ಕೆ ಮೂರರಲ್ಲಿ ಸಹ ನಿರ್ದೇಶಕರಾಗಿ ದುಡಿಯುತ್ತಾ ಬರೆಯುವುದನ್ನು ಬಿಟ್ಟಿದ್ದಾರೆ. ಅವರ ಕೈಯಿಂದ ಬರಬೇಕಿದ್ದ ಸಿನಿಮಾ ಬರಲಿಲ್ಲ ಎನ್ನುವುದು ಯಾವ ವರದಿಯಲ್ಲೂ ಕಾಣುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಸಬ್ಸಿಡಿಯ ಒಟ್ಟು ದುಡ್ಡನ್ನು ಹೆಚ್ಚಿಸಬೇಕಾಗಿಲ್ಲ. ಅದರಲ್ಲಿ ಒಂದು ಪಾಲನ್ನು ಬೇರೆ ಎತ್ತಿಡಿ, ಕಾಲು ಭಾಗವಾದರೂ ಸಾಕು. ಅದನ್ನು ಚಿತ್ರಕತೆ ನೋಡಿ ಕೊಡಿ, ಸಿನಿಮಾ ಮಾಡುವ ಮೊದಲು, ಕಂತಿನಲ್ಲಿ. ಬರೆಯಲು ಒಂದು ಕಂತು, ಜಾಗ ನೋಡಿ ತಾಲೀಮು ಮಾಡಲು ಒಂದು, ಚಿತ್ರೀಕರಣಕ್ಕೆ ಒಂದು, ಶಬ್ದ ಮತ್ತು ಸಂಕಲನಕ್ಕೆ ಕೊನೆಯದು. ವರ್ಷಕ್ಕೆ ಹತ್ತೇ ಸಿನಿಮಾ ಸಾಕು. ಆರಿಸಿದ್ದನ್ನು ಎರಡು ಮೂರು ವರ್ಷದಲ್ಲಿ ಮುಗಿಸಲು ಬಿಡಿ. ಕ್ಯಾಲೆಂಡರಿನ ಕೊನೆ ದಿನದ ಓಟ ಅವುಗಳಿಗೆ ಬೇಡ. ದುಡ್ಡು ಎತ್ತಿಕೊಂಡು ಸಿನಿಮಾ ಮಾಡದವರನ್ನು ಹಿಡಿಯಲು ಕಂತು ಪದ್ಧತಿಯೇ ಸಾಕಾಗುತ್ತದೆ.

ಬೇಡ ಅಂದ ಚಿತ್ರಕತೆಗೆ ಯಾಕೆ ಬೇಡ ಅಂತ ಒಂದು ಪುಟ ಬರೆದು ಕೊಡಿ. ಇದು ಸಣ್ಣ ವಿಷಯ ಅನಿಸಬಹುದು. ದೂರದ ಊರಿನಲ್ಲಿ ಕೂತು ಒಬ್ಬನೇ ಬರೆಯುವವನಿಗೆ ಆ ಒಂದು ಪುಟ ಒಂದು ವರ್ಷದ ಶ್ರಮ ಉಳಿಸುತ್ತದೆ. ಹಾಗೆಯೇ, ಅರ್ಜಿ ಹಾಕಿದವನು ಎಷ್ಟು ಸಿನಿಮಾ ಮಾಡಿದ್ದಾನೆ ಎನ್ನುವ ಲೆಕ್ಕವನ್ನು ಬದಿಗಿಟ್ಟು, ಮಾಡಿದ ಒಂದನ್ನು ಕೂತು ನೋಡಿ.

ಗಡಿಯಾಚೆ ಇರುವ ನಮ್ಮನ್ನು ಯಾವ ಯೋಜನೆಯಲ್ಲೂ ಹೊರಗಿನವರ ಹಾಗೆ ನೋಡಬೇಡಿ. ಕಾಸರಗೋಡಿನಲ್ಲಿ ಇದ್ದುಕೊಂಡು, ಕಾಸರಗೋಡಿನಲ್ಲೇ ಚಿತ್ರೀಕರಿಸಿದ ಕನ್ನಡ ಸಿನಿಮಾ ಕೂಡ ಕನ್ನಡ ಸಿನಿಮಾವೇ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಂಭಾಷಣೆಯಲ್ಲಿ ತುಳು, ಮಲಯಾಳ, ಹವ್ಯಕ ಬೆರೆತರೆ ಅದು ದೋಷ ಎಂದು ಅಂಕ ಕಳೆಯಬೇಡಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರ ಜೊತೆ ಮಾತಾಡಿ, ಸಬ್ಸಿಡಿ ಪಡೆದ ಒಳ್ಳೆ ಸಿನಿಮಾಗಳನ್ನು ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಸಭಾಂಗಣಗಳಲ್ಲಿ ತೋರಿಸುವ ವ್ಯವಸ್ಥೆ ಮಾಡಿ. ಪ್ರೊಜೆಕ್ಟರ್, ಪರದೆ, ಕುರ್ಚಿ ನಾವೇ ಹೊಂದಿಸುತ್ತೇವೆ. ಸಿನಿಮಾ ಕಳಿಸಿಕೊಡಿ, ಸಾಧ್ಯವಾದರೆ ನಿರ್ದೇಶಕರನ್ನೂ ಕಳಿಸಿ. ಜನ ಬರುತ್ತಾರೆ. ತಾಳಮದ್ದಳೆಯಲ್ಲಿ ಒಂದು ವಾದವನ್ನು ಗಂಟೆಗಟ್ಟಲೆ ಕೂತು ಕೇಳಿ, ಆಮೇಲೆ ಅರ್ಥಧಾರಿಯನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುವ ಜನ ಇವರು. ನಿಧಾನದ ಸಿನಿಮಾ ಇವರಿಗೆ ಭಾರವಾಗುವುದಿಲ್ಲ.

ಮುಂದಿನ ಸಲದ ನಿಯಮ ಬರೆಯುವ ಮೊದಲು ಒಂದು ಸಭೆಯನ್ನು ಇಲ್ಲಿ ಇಡಿ. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ನೆನಪಿನ ಕೇಂದ್ರ ಗಿಳಿವಿಂಡು ಇದೆ. ಮಂಗಳೂರಿಗೆ ಬಂದರೆ ಅಲ್ಲಿಂದ ಹೆಚ್ಚು ದೂರ ಇಲ್ಲ. ದಿನ ತಿಳಿಸಿದರೆ ಬರೆಯುತ್ತಿರುವವರನ್ನೆಲ್ಲ ನಾನು ಸೇರಿಸುತ್ತೇನೆ. ಅವರ ಕೈಯಲ್ಲಿರುವ ಚಿತ್ರಕತೆಗಳನ್ನು ಅಲ್ಲೇ ಓದಿ ಕೇಳಿ.

ಇಂತಿ ನಿಮ್ಮ,
ಬದಿಯಡ್ಕ ಕಡೆಯ ಒಬ್ಬ ನಿರ್ದೇಶಕ